ಲಸಿಕೆ ಹಾಕಿಸಿದ ದನಗಳಿಗೂ ಕಾಲುಬಾಯಿ ಜ್ವರ ತಗಲುವುದೇ?

ಪ್ರಶ್ನೆ:
ನಮ್ಮ ಕೊಟ್ಟಿಗೆಯ ಎಲ್ಲ ದನಗಳಿಗೂ ಐದು ತಿಂಗಳ ಹಿಂದೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದೇವೆ. ಈಗ ಪಕ್ಕದ ಹಿಂಡಿನ ಎರಡು ಹಸುಗಳು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಕುಂಟುತ್ತಿವೆ. ಲಸಿಕೆ ಆಗಿದೆಯೆಂದು ನಾವು ನಿಶ್ಚಿಂತರಾಗಿರಬಹುದೇ?

ಉತ್ತರ 1:
ನಿಶ್ಚಿಂತೆ ಸಲ್ಲದು. ಈ ವೈರಾಣುವಿನಲ್ಲಿ ಏಳು ಬಗೆಗಳಿದ್ದು (ಅವುಗಳಲ್ಲಿ 'ಸಿ' ಎಂಬುದು 2004ರ ನಂತರ ಎಲ್ಲಿಯೂ ವರದಿಯಾಗಿಲ್ಲ), ಒಂದು ಬಗೆಯ ವಿರುದ್ಧ ಮೂಡಿದ ರಕ್ಷಣೆ ಇನ್ನೊಂದರ ವಿರುದ್ಧ ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯ ಲಸಿಕೆಯ ಬಲವೂ ಸುಮಾರು ಆರು ತಿಂಗಳಿಗೆ ಕುಗ್ಗುವುದರಿಂದ ನಿಮ್ಮ ದನಗಳು ಆ ಅವಧಿಯ ಕೊನೆಯಲ್ಲಿವೆ. ಅದಕ್ಕಿಂತ ಮುಖ್ಯವಾದುದೆಂದರೆ, ಲಸಿಕೆ ತಡೆಯುವುದು ರೋಗವನ್ನು. ಸೋಂಕನ್ನು ಪೂರ್ತಿಯಾಗಿ ಅಲ್ಲ. ಬಾಯಲ್ಲಿ ಒಂದು ಗುಳ್ಳೆಯೂ ಏಳದ ದನದ ಗಂಟಲಿನಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯಬಹುದು. ಪಶುವೈದ್ಯರಿಗೆ ಇಂದೇ ತಿಳಿಸಿ, ಮರುಲಸಿಕೆಯ ವಿಷಯವನ್ನು ಅವರೇ ನಿರ್ಧರಿಸಲಿ.

ಉತ್ತರ 2:
ದೊಡ್ಡ ದನಗಳು ಈ ರೋಗದಿಂದ ಸಾಯುವುದು ಕಡಿಮೆ, ಎರಡು ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಇಷ್ಟೊಂದು ಗಾಬರಿ ಏಕೆ ಎಂಬುದು ನನಗೆ ಅರ್ಥವಾಗುತ್ತಿಲ್ಲ.

ಉತ್ತರ 3:
ದೊಡ್ಡ ದನಗಳ ಮಟ್ಟಿಗೆ ತಾವು ಹೇಳಿದ್ದು ನಿಜ, ಕರುಗಳ ಮಟ್ಟಿಗೆ ಅಲ್ಲ. ಎಳೆಗರುಗಳಲ್ಲಿ ವೈರಾಣು ಹೃದಯದ ಸ್ನಾಯುವನ್ನೇ ಹಿಡಿಯುವುದರಿಂದ, ಗುಳ್ಳೆ ಕಾಣಿಸುವ ಮೊದಲೇ ಅವು ಹಠಾತ್ತನೆ ಸಾಯುವುದುಂಟು. ಗುಣವಾದ ಹಸುಗಳಲ್ಲಿಯೂ ಕೆಲವು ಮೊದಲಿನಷ್ಟು ಹಾಲು ಕೊಡುವುದೇ ಇಲ್ಲ. ಇನ್ನು ಹರಡುವಿಕೆಯ ಮಾತು: 2001ರಲ್ಲಿ ಬ್ರಿಟನ್ನಿನಲ್ಲಿ ರೋಗ ಪತ್ತೆಯಾಗುವ ಹೊತ್ತಿಗೆ, ಲಕ್ಷಣಗಳು ಅಷ್ಟಾಗಿ ಕಾಣದ ಕುರಿಗಳೊಂದಿಗೆ ಅದು ಸಂತೆಯಿಂದ ಸಂತೆಗೆ ಸಾಗಿಬಿಟ್ಟಿತ್ತು, ಕೊನೆಗೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು.

ಪ್ರಶ್ನೆ ಕೇಳಿದವರು:
ಎರಡೂ ಹಿಂಡುಗಳ ಹಾಲು ಕರೆಯುವವರು ಒಬ್ಬರೇ. ಅದರಿಂದ ತೊಂದರೆಯಿದೆಯೇ?

ಉತ್ತರ 1:
ನನ್ನ ಅಭಿಪ್ರಾಯದಲ್ಲಿ ನಿಮಗಿರುವ ದೊಡ್ಡ ಅಪಾಯವೇ ಅದು. ಕೈ, ಬಟ್ಟೆ, ಚಪ್ಪಲಿ, ಹಾಲಿನ ಪಾತ್ರೆ ಎಲ್ಲವೂ ವೈರಾಣುವನ್ನು ಹೊತ್ತು ತರುತ್ತವೆ. ರೋಗ ಇಳಿಯುವವರೆಗೆ ಅವರು ಒಂದೇ ಕಡೆ ಕೆಲಸ ಮಾಡಲಿ. ಕೊಟ್ಟಿಗೆಯ ಬಾಗಿಲಲ್ಲಿ ಶೇಕಡಾ 4ರ ವಾಷಿಂಗ್ ಸೋಡಾ ದ್ರಾವಣ ಇಡಿ. ಆದರೆ ಸಗಣಿ ಮೆತ್ತಿದ ಕಾಲನ್ನು ಅದರಲ್ಲಿ ಅದ್ದಿದರೆ ಪ್ರಯೋಜನವಿಲ್ಲ, ಮೊದಲು ಉಜ್ಜಿ ತೊಳೆಯಬೇಕು. ಲಕ್ಷಣ ಕಾಣಿಸಲು ಎರಡರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ, ಅಷ್ಟು ದಿನ ಬೆಳಿಗ್ಗೆ ಸಂಜೆ ಪ್ರತಿಯೊಂದು ದನದ ಬಾಯಿ, ಗೊರಸಿನ ಸಂದು, ಕೆಚ್ಚಲುಗಳನ್ನು ಪರೀಕ್ಷಿಸಿ, ಹೊಸ ದನವನ್ನು ಒಳಗೆ ತರಬೇಡಿ.