ಚಮಕಿ ಲಕ್ಷ್ಮಿ ಪಟವನ್ನು ಅಟ್ಟಕ್ಕೆ ಹಾಕಬೇಕಾ?

ಕುವೆಂಪುನಗರದ ಸೊಸೆ:
ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಇಂಟೀರಿಯರ್‌ನವರು ಬಂದು, ಶೋಕೇಸ್ ಪೂರ್ತಿ ಖಾಲಿ ಮಾಡಿ ಅಂದರು. ಅದರಲ್ಲಿರುವುದು ದಸರಾ ವಸ್ತುಪ್ರದರ್ಶನದಲ್ಲಿ ಕೊಂಡ ಪ್ಲಾಸ್ಟರ್ ಜಿಂಕೆ ಜೋಡಿ, ಮಣಿ ಪೋಣಿಸಿ ಮಾಡಿದ ನಾಯಿಮರಿ, ಅತ್ತೆಯ ತಾಯಿ ಚಮಕಿ ಹೊಲಿದ ಲಕ್ಷ್ಮಿ ಪಟ. ಇದೆಲ್ಲ ಕಿಟ್ಶ್, ಅಂದರೆ ಅಗ್ಗದ ಥಳಕಿನ ಅಲಂಕಾರ, ಕಲೆ ಅಲ್ಲ ಅಂತ ಅವರ ಮಾತು. ಅತ್ತೆಗೆ ಬೇಜಾರಾಗಿದೆ. ನನಗೂ ಆ ಲಕ್ಷ್ಮಿ ತುಂಬಾ ಇಷ್ಟ. ಯಾಕೆ ಅಂತ ಹೇಳಲು ಬರುತ್ತಿಲ್ಲ.

ಬೋಗಾದಿಯವನು:
ಅವರು ಹೇಳಿದ್ದರಲ್ಲಿ ಅರ್ಥ ಇದೆ. ಅಮೆರಿಕದ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ 1939ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಇಂಥವು ಸಿದ್ಧ ಭಾವನೆ ಕೊಡುತ್ತವೆ, ನೋಡುವವರು ಏನೂ ಕಷ್ಟಪಡಬೇಕಿಲ್ಲ ಅಂತ.

ಅಗ್ರಹಾರದ ಕಟ್ಟಿನ ಅಂಗಡಿ:
ಅಮ್ಮಾ, ನಮ್ಮ ತಂದೆ ಕಾಲದಿಂದ ಪಟಕ್ಕೆ ಕಟ್ಟು ಹಾಕುತ್ತಿದ್ದೇವೆ. ಇಂಥ ಲಕ್ಷ್ಮಿಯರು ಎಷ್ಟೋ ಬಂದಿದ್ದಾರೆ. ಪಟ ಇಳಿಸಿ ಹತ್ತಿರದಿಂದ ನೋಡಿ. ಮುಖ, ಕೈಕಾಲು ಮಾತ್ರ ಅಚ್ಚಿನದು. ಸೀರೆ ಇರುವಲ್ಲಿ ನಿಜವಾದ ಬಟ್ಟೆ, ಅಂಚಿಗೆ ಜರಿ, ಒಡವೆ ಇರುವ ಕಡೆ ಚಮಕಿ, ಮಣಿ. ಸೂಜಿ ಸ್ವಲ್ಪ ಜಾರಿದರೂ ಕಾಗದ ಹರಿಯುತ್ತದೆ. ಹಾಗೆ ಹೊಲಿದವರು ಸುಮ್ನೆ ನೋಡಿ ಖುಷಿಪಟ್ಟು ಎದ್ದು ಹೋದವರಲ್ಲ. ಕಷ್ಟಪಡಬೇಕಿಲ್ಲ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಶುರು ಮಾಡಿದರು. ಅವರ ಕೈಯ ತೈಲಚಿತ್ರ ನೋಡಲು ನಾವು ಜಗನ್ಮೋಹನ ಅರಮನೆಗೆ ಹೋಗಬೇಕು. ಅಚ್ಚಿನ ಲಕ್ಷ್ಮಿ ಮಾತ್ರ ನಡುಮನೆಗೇ ಬಂದಳು. ಬಂದವಳಿಗೆ ಹೆಂಗಸರು ಸೀರೆ ಉಡಿಸಿದರು. ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶಕ್ಕೆ ಉಡಿಸುವುದಿಲ್ವಾ, ಹಾಗೇ.

ಇನ್ನು ಹೊಳಪು ಜಾಸ್ತಿ ಅನ್ನುತ್ತಾರೆ. ಮೈಸೂರು ಶೈಲಿಯ ಚಿತ್ರದಲ್ಲೂ ಗೆಸ್ಸೋ ಅನ್ನುವ ಗಟ್ಟಿ ಲೇಪ ಹಚ್ಚಿ ಒಡವೆ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಅದೂ ದೀಪದ ಬೆಳಕಿಗೆ ಹೊಳೆಯಲಿ ಅಂತಲೇ ಅಲ್ವಾ? ಚಿನ್ನ ಅಂಟಿಸಿದರೆ ಕಲೆ, ಚಮಕಿ ಹೊಲಿದರೆ ಕೀಳು ಅಂದರೆ ನಾನಂತೂ ಒಪ್ಪುವುದಿಲ್ಲ. ಅಲ್ಲಿ ದುಡ್ಡು ಬೇರೆ, ಆಸೆ ಒಂದೇ.

ಬೋಗಾದಿಯವನು:
ಕೈಯಲ್ಲಿ ಹೊಲಿದಿದ್ದು ಬೇರೆ ವಿಷಯ, ಒಪ್ಪಿದೆ. ಜಿಂಕೆ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕುವೆಂಪುನಗರದ ಸೊಸೆ:
ಜಿಂಕೆ ಅತ್ತೆ ರೂಮಿಗೆ ಹೋಗುತ್ತದೆ, ಅವರಿಗೆ ಬೇಕಂತೆ. ಲಕ್ಷ್ಮಿ ನಡುಮನೆ ಗೋಡೆಗೆ. ಜರಿ ಕಪ್ಪಾಗಿದೆ, ಒರೆಸಬಹುದಾ ಅಣ್ಣ?

ಅಗ್ರಹಾರದ ಕಟ್ಟಿನ ಅಂಗಡಿ:
ಒದ್ದೆ ಬಟ್ಟೆ ಬೇಡವೇ ಬೇಡ. ಮೆತ್ತನೆ ಒಣ ಬ್ರಷ್‌ನಲ್ಲಿ ಧೂಳು ಮಾತ್ರ ತೆಗೆಯಿರಿ, ಕಪ್ಪು ಇರಲಿ ಬಿಡಿ. ಹೊಸ ಕಟ್ಟು ಹಾಕಿಸುವುದಾದರೆ ಗಾಜು ಚಮಕಿಗೆ ತಾಗದ ಹಾಗೆ ಒಳಗೆ ಪಟ್ಟಿ ಕೊಡಿಸಿ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ.