ಎಚ್‌ಐವಿ ಇರುವ ಮಗು ಸಾಮಾನ್ಯ ಶಾಲೆಗೆ: ಕಚ್ಚಿದರೆ? ರಕ್ತ ಬಂದರೆ? ಯಾರಿಗೆ ಗೊತ್ತಿರಬೇಕು?

ಸೀಮೆಸುಣ್ಣ:
ಒಂದನೇ ತರಗತಿಗೆ ಎಚ್‌ಐವಿ ಇರುವ ಮಗು ಸೇರುತ್ತಿದೆ ಅಂತಿಟ್ಟುಕೊಳ್ಳಿ. ಸೇರಿಸಿಕೊಳ್ಳಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪೋಷಕರ ಸಭೆಯಲ್ಲಿ ಬರುವ ಮೂರು ಪ್ರಶ್ನೆಗೆ ಗಟ್ಟಿ ಉತ್ತರ ಬೇಕು. ಮಕ್ಕಳು ಕಚ್ಚಿಕೊಂಡರೆ ಏನು? ಬಿದ್ದು ರಕ್ತ ಬಂದರೆ ಹೇಗೆ ಒರೆಸಬೇಕು? ಯಾವ ಶಿಕ್ಷಕರಿಗೆ ವಿಷಯ ತಿಳಿದಿರಬೇಕು? "ಏನೂ ಆಗಲ್ಲ, ಹೆದರಬೇಡಿ" ಅಂತಷ್ಟೇ ಹೇಳಬೇಡಿ, ಅದನ್ನು ಯಾರೂ ನಂಬಲ್ಲ.

ಮಕ್ಕಳ_ವಾರ್ಡು:
ಎಂಜಲು, ಕಣ್ಣೀರು, ಬೆವರು, ಒಂದೇ ಲೋಟ, ಒಂದೇ ಶೌಚಾಲಯ, ಸೊಳ್ಳೆ: ಇವು ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಕಚ್ಚಿ ಚರ್ಮ ಹರಿಯದಿದ್ದರೆ ಅಪಾಯವೇ ಇಲ್ಲ. ಕಚ್ಚಿದ್ದರಿಂದ ಹರಡಿದ ದಾಖಲೆಗಳು ಬೆರಳೆಣಿಕೆಯಷ್ಟು, ಅವೂ ಮಾಂಸ ಹರಿದು, ಬಾಯಲ್ಲೂ ರಕ್ತವಿದ್ದ ದೊಡ್ಡ ಗಾಯಗಳು. ಹೋಲಿಕೆಗೆ ಬೇಕಾದರೆ, ಆಸ್ಪತ್ರೆಯಲ್ಲಿ ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿಕೊಂಡಾಗಲೇ ಸೋಂಕು ತಗಲುವುದು 1000ಕ್ಕೆ ಸುಮಾರು 3 ಸಲ. ಮಗು ದಿನಾ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದಿದ್ದರೆ ಅಪಾಯ ಇನ್ನೂ ಕಡಿಮೆ.

ಚರ್ಮ ಹರಿದಿದ್ದರೆ ಹರಿಯುವ ನೀರು, ಸೋಪು, ಅಷ್ಟೇ. ಗಾಯ ಹಿಂಡಬೇಡಿ, ಬ್ಲೀಚ್ ಸುರಿಯಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ. ತಡೆ ಔಷಧಿ ಬೇಕು ಅಂತ ಅವರಿಗೆ ಅನಿಸಿದರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯಬೇಕು. 72 ಅನ್ನುವುದು ಕೊನೆಯ ಗಡುವು, "ನಾಳೆ ನೋಡೋಣ" ಅನ್ನುವುದಕ್ಕೆ ಅನುಮತಿಯಲ್ಲ.

ಡಸ್ಟರ್:
ರಕ್ತದ ವಿಷಯ. ಎಲ್ಲರೂ ಮಾಡುವ ತಪ್ಪೆಂದರೆ ನೆಲದ ರಕ್ತದ ಮೇಲೆ ನೇರವಾಗಿ ಬ್ಲೀಚ್ ಸುರಿಯುವುದು. ಕ್ಲೋರಿನ್ ಶಕ್ತಿಯೆಲ್ಲ ರಕ್ತದ ಪ್ರೋಟೀನಿಗೇ ಖರ್ಚಾಗಿ, ಅಡಿಯಲ್ಲಿರುವುದು ಹಾಗೇ ಉಳಿಯುತ್ತದೆ. ಮೊದಲು ಗ್ಲೌಸ್ ಹಾಕಿ, ಹೀರುವ ಕಾಗದದಿಂದ ರಕ್ತವನ್ನು ಪೂರ್ತಿ ಒರೆಸಿ ಚೀಲಕ್ಕೆ ಹಾಕಿ. ಆಮೇಲೆ 5% ಬ್ಲೀಚ್ ಒಂದು ಲೋಟ, ನೀರು ಒಂಬತ್ತು ಲೋಟ, ಇದು 0.5% ಆಗುತ್ತದೆ. ಸುರಿದು 10 ನಿಮಿಷ ಬಿಡಿ, ಒರೆಸಿ. ನಿನ್ನೆ ಕಲಸಿದ್ದು ಇವತ್ತಿಗೆ ಆಗಲ್ಲ, ಶಕ್ತಿ ಇಳಿದಿರುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಸೇರಿಸಿದರಂತೂ ವಿಷಗಾಳಿ ಏಳುತ್ತದೆ.

ಗ್ಲೌಸ್ ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಳ್ಳಿ. ಮೂಗಿನಲ್ಲಿ ರಕ್ತವಾದರೆ ಮಗುವೇ ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗ 10 ನಿಮಿಷ ಹಿಡಿದುಕೊಳ್ಳಲಿ.

ಇದೆಲ್ಲ ಎಲ್ಲ ಮಕ್ಕಳಿಗೂ. ಒಬ್ಬರಿಗೆ ಮಾತ್ರ ಗ್ಲೌಸ್ ಹಾಕಿದರೆ ಬೋರ್ಡ್ ಮೇಲೆ ಬರೆದಂತೆಯೇ. ಅಲ್ಲದೆ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ 7 ದಿನ ಬದುಕುತ್ತದೆ, ಎಚ್‌ಐವಿಗಿಂತ ಬಹಳ ಸುಲಭವಾಗಿ ಹರಡುತ್ತದೆ. ಅದು ಯಾವ ಮಗುವಿಗಿದೆ ಅಂತ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಹಾಜರಿ_ಪುಸ್ತಕ:
ಡಸ್ಟರ್ ಅವರ ಮಾತು ಒಪ್ಪಿದರೆ ಮೂರನೇ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಎಲ್ಲರ ರಕ್ತಕ್ಕೂ ಒಂದೇ ಕ್ರಮ ಇರುವಾಗ ಯಾರಿಗೂ ತಿಳಿಯಬೇಕಾದ ಅಗತ್ಯವಿಲ್ಲ. ಹೇಳುವುದು ಬಿಡುವುದು ಪೋಷಕರ ಇಷ್ಟ. ಹೇಳಿದರೆ ಮುಖ್ಯ ಶಿಕ್ಷಕರ ಹತ್ತಿರವೇ ನಿಲ್ಲಲಿ. ಗುಟ್ಟು ಸೋರುವುದು ಬಾಯಿಯಿಂದ ಕಡಿಮೆ, ಕಾಗದದಿಂದ ಹೆಚ್ಚು: ರಜಾಚೀಟಿಗೆ ಲಗತ್ತಿಸಿದ ಚಿಕಿತ್ಸಾ ಕೇಂದ್ರದ ಮೊಹರು, ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ ಕೆಂಪು ಚುಕ್ಕೆ. ರಜಾಚೀಟಿಯಲ್ಲಿ "ಆಸ್ಪತ್ರೆ ಭೇಟಿ" ಅಂತಿದ್ದರೆ ಸಾಕು.

ಬೇರೆ ಬೆಂಚು, ಬೇರೆ ಲೋಟ ಕೊಡುವ "ರಾಜಿ" ಬೇಡ. ಅಮೆರಿಕದ ಇಂಡಿಯಾನಾದಲ್ಲಿ 1985ರಲ್ಲಿ ಏಡ್ಸ್ ಇದ್ದ ರಯಾನ್ ವೈಟ್ ಎಂಬ ಹುಡುಗನನ್ನು ಶಾಲೆ ಒಳಗೆ ಬಿಡಲಿಲ್ಲ. ಮರುವರ್ಷ ಬಂದಾಗ ಬೇರೆ ಶೌಚಾಲಯ, ಬಿಸಾಡುವ ತಟ್ಟೆ. ಎರಡೂ ಯಾವ ಸೋಂಕನ್ನೂ ತಡೆಯಲಿಲ್ಲ. ತಡೆಯಲು ಅಲ್ಲಿ ಏನೂ ಇರಲಿಲ್ಲ.

ಸೀಮೆಸುಣ್ಣ:
ಆದರೂ ತರಗತಿ ಶಿಕ್ಷಕರಿಗಾದರೂ ಗೊತ್ತಿರಬೇಡವೇ? ಚಿಕನ್‌ಪಾಕ್ಸ್ ಬಂದರೆ ಆ ಮಗುವಿಗೇ ತೊಂದರೆಯಲ್ಲವೇ?

ಮಕ್ಕಳ_ವಾರ್ಡು:
ಹೌದು, ನಿಜವಾದ ಅಪಾಯ ಆ ದಿಕ್ಕಿನದು. ಆದರೆ ಅದಕ್ಕೆ ಹೆಸರು ಬೇಕಿಲ್ಲ. ಚಿಕನ್‌ಪಾಕ್ಸ್, ದಡಾರ, ಕ್ಷಯ ಕಂಡ ದಿನವೇ ತರಗತಿಯ ಎಲ್ಲ ಮನೆಗೂ ಚೀಟಿ ಹೋಗಲಿ. ದಡಾರ ತಾಗಿದರೆ ರಕ್ಷಣೆಯ ಇಂಜೆಕ್ಷನ್ 6 ದಿನದೊಳಗೆ ಆಗಬೇಕು. ವಾರ ಬಿಟ್ಟು ಕಳಿಸಿದ ಚೀಟಿ ರದ್ದಿ ಕಾಗದ. ಕೀಮೋ ನಡೆಯುತ್ತಿರುವ ಮಗುವಿಗೂ ಇದೇ ಚೀಟಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು, ಯಾರೂ ಯೋಚಿಸದ್ದು. ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುವುದಿದ್ದರೆ ಮೊದಲೇ ಎಲ್ಲ ಪೋಷಕರಿಗೂ ತಿಳಿಸಿ. ಎಚ್‌ಐವಿಗೆ ಅನೇಕ ಮಕ್ಕಳು ತೆಗೆದುಕೊಳ್ಳುವ ಡೊಲುಟೆಗ್ರಾವಿರ್ ಎಂಬ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಕಬ್ಬಿಣದ ಜೊತೆ ಸೇರಿದರೆ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಕಬ್ಬಿಣಕ್ಕೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು, ಇಲ್ಲವೇ ಎರಡನ್ನೂ ಊಟದ ಜೊತೆ. ದಿನ ಗೊತ್ತಿದ್ದರೆ ಮನೆಯವರೇ ಹೊಂದಿಸಿಕೊಳ್ಳುತ್ತಾರೆ.

ಶಿಕ್ಷಕರಿಗೆ ಹೇಳುವ ಮೊದಲು ಇದೂ ನೆನಪಿರಲಿ: ಒಂದನೇ ತರಗತಿಯ ಆ ಮಗುವಿಗೇ ತನ್ನ ಕಾಯಿಲೆಯ ಹೆಸರು ಗೊತ್ತಿಲ್ಲದಿರಬಹುದು. 6ರಿಂದ 12 ವರ್ಷದ ನಡುವೆ ಹಂತ ಹಂತವಾಗಿ ಹೇಳಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಳಜಿಯಿಂದಲೇ ಯಾರೋ "ಮಾತ್ರೆ ನುಂಗಿದ್ಯಾ ಪುಟ್ಟಾ?" ಅಂತ ತರಗತಿಯಲ್ಲಿ ಕೇಳಿದರೆ, ಪಕ್ಕದ ಮಗು "ಯಾವ ಮಾತ್ರೆ?" ಅನ್ನುತ್ತದೆ. ಅದಕ್ಕೆ ಏನು ಹೇಳಬೇಕೆಂದು ಈ ಮಗುವಿಗಿನ್ನೂ ಯಾರೂ ಕಲಿಸಿರುವುದಿಲ್ಲ.