ಪದಚರ್ಚೆ: ಬೇಸ್‌ಬಾಲಿನ 'ಅಫಿಲಿಯೇಟ್' ತಂಡಕ್ಕೂ 'ಆಪ್ಷನ್' ಕ್ರಮಕ್ಕೂ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ತಿಪಟೂರಿನಿಂದ ಆರು ತಿಂಗಳ ಮಟ್ಟಿಗೆ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯ ನಮ್ಮ ಮನೆಗೆ ಬಂದಿದ್ದ ಅಪ್ಪ ಒಂದು ಬೆಳಿಗ್ಗೆ ಮೊಬೈಲಿನಿಂದ ತಲೆಯೆತ್ತಿ, "ನೋಡೋ ಮರಿ, ನಿನ್ನ ಆ ಪಿಚರ್ ಸ್ಯಾಕ್ರಮೆಂಟೊ ತಂಡಕ್ಕೆ ಆಯ್ಕೆಯಾಗಿದ್ದಾನಂತೆ, ಒಳ್ಳೆಯದಾಯಿತು" ಎಂದು ಮೊಮ್ಮಗನಿಗೆ ಹೇಳಿದರು. ಹುಡುಗನ ಮುಖ ಬಾಡಿತು. ಇಂಗ್ಲಿಷ್ ಸುದ್ದಿಯಲ್ಲಿ 'ಆಪ್ಷನ್ಡ್ ಟು ಸ್ಯಾಕ್ರಮೆಂಟೊ' ಎಂದಿದ್ದುದನ್ನು ಮೊಬೈಲಿನ ಯಂತ್ರಾನುವಾದ 'ಆಯ್ಕೆ' ಎಂದು ತಂದಿತ್ತು. ನಡೆದದ್ದು ಇದಕ್ಕೆ ತದ್ವಿರುದ್ಧ: ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ತಂಡದವರು ಆ ಪಿಚರನ್ನು, ಅಂದರೆ ಚೆಂಡೆಸೆಯುವ ಆಟಗಾರನನ್ನು, ತಮ್ಮ 26 ಜನರ ಆಡುವ ಪಟ್ಟಿಯಿಂದ ತೆಗೆದು, ಒಂದು ಮೆಟ್ಟಿಲು ಕೆಳಗಿರುವ ಸ್ಯಾಕ್ರಮೆಂಟೊ ರಿವರ್ ಕ್ಯಾಟ್ಸ್ ತಂಡಕ್ಕೆ ಕಳುಹಿಸಿದ್ದರು. ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕಿತ್ತು ಎಂದು ಅಪ್ಪ ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅಂದು ಆರಂಭವಾದ ಹುಡುಕಾಟದಲ್ಲಿ ಸಿಕ್ಕಿದ್ದನ್ನೂ ಸಿಗದೆ ಉಳಿದದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಈ ಆಟದ ಪರಿಚಯವಿಲ್ಲದವರಿಗಾಗಿ ಅದರ ಏರ್ಪಾಡನ್ನು ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ 30 ತಂಡಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಊರುಗಳಲ್ಲಿ ನಾಲ್ಕು ಕೆಳಗಿನ ತಂಡಗಳಿದ್ದು (ಇವೇ 'ಅಫಿಲಿಯೇಟ್' ತಂಡಗಳು), ಆಟಗಾರರು ಅಲ್ಲಿ ಪಳಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರಬೇಕು. ಜಯಂಟ್ಸ್ ತಂಡಕ್ಕೆ ತೀರ ಕೆಳಗಿನ 'ಎ' ದರ್ಜೆಯಲ್ಲಿ ಸ್ಯಾನ್ ಹೋಸೆ ಜಯಂಟ್ಸ್, ಅದರ ಮೇಲೆ 'ಹೈ ಎ' ದರ್ಜೆಯಲ್ಲಿ ಒರೆಗಾನಿನ ಯೂಜೀನ್ ಎಮರಲ್ಡ್ಸ್, 'ಡಬಲ್ ಎ'ಯಲ್ಲಿ ವರ್ಜೀನಿಯದ ರಿಚ್ಮಂಡ್ ಫ್ಲೈಯಿಂಗ್ ಸ್ಕ್ವಿರಲ್ಸ್, 'ಟ್ರಿಪಲ್ ಎ'ಯಲ್ಲಿ ಸ್ಯಾಕ್ರಮೆಂಟೊ ಇವೆ. ನಾಲ್ಕು ಮೆಟ್ಟಿಲುಗಳಿಗೂ ಕೆಳಗೆ ಅರಿಜೋನದಲ್ಲಿ ಹೊಸಬರ ತರಬೇತಿ ತಂಡವಿದೆ. ಎ ಎಂದರೆ ಮೊದಲನೆಯದು ಎಂದು ಬಗೆಯುವ ನಮಗೆ, ಬರಿಯ ಎ ಕೆಳಗೂ ಮೂರು ಎ ಮೇಲೂ ಇರುವುದು ವಿಚಿತ್ರವಾಗಿ ಕಾಣುತ್ತದೆ. ಆದರೂ ಇವು ಅಂಕಿತನಾಮಗಳಂತೆ ಆಗಿಹೋಗಿರುವುದರಿಂದ ಅನುವಾದಿಸುವ ಅಗತ್ಯವಿಲ್ಲ. 'ದರ್ಜೆ' ಎಂಬ ಬಾಲ ಸೇರಿಸಿದರೆ ಸಾಕು.

ತೊಡಕು ಈ ಕೆಳಗಿನ ತಂಡಗಳು ಆಡುವ 'ಮೈನರ್ ಲೀಗ್' ಎಂಬಲ್ಲಿಂದ ಶುರುವಾಗುತ್ತದೆ. ಕನ್ನಡದ ಕಿವಿಗೆ ಮೈನರ್ ಎಂದರೆ 18 ತುಂಬದವನು. ಅಪ್ಪನನ್ನು ಸ್ಯಾನ್ ಹೋಸೆಯ ಆಟಕ್ಕೆ ಮೊದಲ ಸಲ ಕರೆದುಕೊಂಡು ಹೋದಾಗ ಅವರು ಶಾಲಾ ಹುಡುಗರ ಪಂದ್ಯವೆಂದೇ ತಿಳಿದಿದ್ದರು. 1942ರಲ್ಲಿ ಕಟ್ಟಿದ ಆ ಪುಟ್ಟ ಅಂಗಣದಲ್ಲಿ ಮುಂದಿನ ಸಾಲಿನಲ್ಲಿ ಕುಳಿತರೆ ಪಿಚರ್ ಚೆಂಡನ್ನು ಬೆರಳುಗಳಲ್ಲಿ ತಿರುಗಿಸಿ ಹೊಲಿಗೆ ಹುಡುಕುವುದೂ, ಎಸೆದ ಚೆಂಡು ಅದನ್ನು ಹಿಡಿಯುವ ಕ್ಯಾಚರನ ಚರ್ಮದ ಗವಸಿಗೆ ಬಿದ್ದಾಗ ಪಟಾಕಿ ಸಿಡಿದಂತೆ ಆಗುವ ಸದ್ದೂ ಹತ್ತಿರದಿಂದ ಸಿಗುತ್ತವೆ. ಎರಡು ಎಸೆತ ನೋಡಿದ ಮೇಲೆ ಅಪ್ಪ, "ಇವರು ಹುಡುಗರಲ್ಲವಲ್ಲ" ಎಂದರು. ಅಲ್ಲ, ಸಂಬಳ ಪಡೆಯುವ ವೃತ್ತಿಪರರು, ಮೂವತ್ತು ದಾಟಿದವರೂ ಕೆಳಗಿನ ಲೀಗುಗಳಲ್ಲಿ ಇರುತ್ತಾರೆ.

ನಮ್ಮ ಆಡಳಿತ ಕನ್ನಡ ಈ ಒಂದು ಇಂಗ್ಲಿಷ್ ಪದವನ್ನು ಎಷ್ಟು ಬಗೆಯಲ್ಲಿ ಬಿಡಿಸಿಕೊಂಡಿದೆ ಎಂಬುದು ಗಮನಾರ್ಹ. ನೀರಾವರಿ ಇಲಾಖೆಯಲ್ಲಿ ಅದು 'ಸಣ್ಣ ನೀರಾವರಿ', ಗಣಿ ಇಲಾಖೆಯಲ್ಲಿ 'ಉಪಖನಿಜ', ಅರಣ್ಯ ಇಲಾಖೆಯಲ್ಲಿ 'ಕಿರು ಅರಣ್ಯ ಉತ್ಪನ್ನ', ನ್ಯಾಯಾಲಯದಲ್ಲಿ 'ಅಪ್ರಾಪ್ತ'. ಇವುಗಳಲ್ಲಿ ನಮ್ಮ ಕೆಲಸಕ್ಕೆ ಬರುವುದು ಯಾವುದು? 'ಸಣ್ಣ ಲೀಗ್' ಎಂದರೆ ತಂಡಗಳು ಕಡಿಮೆ ಎಂಬ ಅರ್ಥ ಬರುತ್ತದೆ, ವಾಸ್ತವದಲ್ಲಿ ಅಲ್ಲಿರುವುದು 120 ತಂಡ. 'ಕಿರಿಯರ ಲೀಗ್' ಎಂದರೆ ಮತ್ತೆ ವಯಸ್ಸಿನ ಮಾತೇ ಆಯಿತು. ಆದರೆ ಷಷ್ಠಿ ಬಿಟ್ಟು 'ಕಿರಿಯ ಲೀಗ್' ಎಂದರೆ, ಕಿರಿಯ ಎಂಜಿನಿಯರ್, ಕಿರಿಯ ಸಹಾಯಕ ಎಂಬಲ್ಲಿರುವಂತೆ, ವಯಸ್ಸು ಹಿಂದೆ ಸರಿದು ಸ್ಥಾನ ಮುಂದೆ ಬರುತ್ತದೆ. ಐವತ್ತು ದಾಟಿದ ಕಿರಿಯ ಸಹಾಯಕರನ್ನು ನಾವೆಲ್ಲ ಕಂಡಿದ್ದೇವೆ. ನನ್ನ ಒಲವು ಇದರ ಕಡೆಗೆ. ಆದರೆ ಕಿವಿಗೆ ಬಿದ್ದಾಗ 'ಕಿರಿಯ', 'ಕಿರಿಯರ' ಎಂಬ ವ್ಯತ್ಯಾಸ ಎಷ್ಟು ಮಂದಿಗೆ ನಿಲ್ಲುತ್ತದೆ ಎಂಬ ಅಳುಕು ಇದ್ದೇ ಇದೆ.

'ಅಫಿಲಿಯೇಟ್' ಎಂಬುದಕ್ಕೆ ನಾನು ಕೆಲವು ಕಾಲ 'ಅಂಗತಂಡ' ಎಂದು ಬರೆದುಕೊಳ್ಳುತ್ತಿದ್ದೆ. ಅದು ತಪ್ಪೆಂದು ಈಗ ಅನಿಸುತ್ತಿದೆ, ಏಕೆಂದರೆ ಈ ತಂಡಗಳು ದೇಹದ ಅಂಗಗಳಂತೆ ಅಂಟಿಕೊಂಡವಲ್ಲ. ಸ್ಯಾಕ್ರಮೆಂಟೊ ತಂಡ 2000ದಿಂದ 2014ರವರೆಗೆ ಜಯಂಟ್ಸ್‌ಗೆ ಆಗ ನೆರೆಯ ಎದುರಾಳಿಯಾಗಿದ್ದ ಓಕ್ಲೆಂಡ್ ಅಥ್ಲೆಟಿಕ್ಸ್‌ಗೆ ಸೇರಿತ್ತು. 2015ರಲ್ಲಿ ಜಯಂಟ್ಸ್ ಕಡೆಗೆ ಬಂತು. ಅದಕ್ಕೆ ಮೊದಲು ಜಯಂಟ್ಸ್‌ನ ಟ್ರಿಪಲ್ ಎ ತಂಡ ಫ್ರೆಸ್ನೊದಲ್ಲಿತ್ತು. ಆ ಫ್ರೆಸ್ನೊ ಹೂಸ್ಟನ್, ವಾಷಿಂಗ್ಟನ್ ತಂಡಗಳ ಕೈದಾಟಿ, 2021ರಲ್ಲಿ ಕೊಲೊರಾಡೊ ರಾಕೀಸ್ ತಂಡದ ಎ ದರ್ಜೆಯ ತಂಡವಾಯಿತು. ಆಟಗಾರರನ್ನು ಮೇಲಿನ ತಂಡ ಕೊಡುತ್ತದೆ, ಅವರ ಮತ್ತು ತರಬೇತುದಾರರ ಸಂಬಳವನ್ನೂ ಅದೇ ಕೊಡುತ್ತದೆ. ಅಂಗಣ, ಟಿಕೆಟು, ತಿಂಡಿಯಂಗಡಿ, ಬಹುಪಾಲು ಎಡೆಗಳಲ್ಲಿ ಒಡೆತನ, ಇವೆಲ್ಲ ಬೇರೆಯವರವು.

ಇದಕ್ಕೆ ಸರಿಹೊಂದುವ ಪದ ನಮ್ಮಲ್ಲಿ ಸಿದ್ಧವಾಗಿಯೇ ಇತ್ತು: ವಿಶ್ವವಿದ್ಯಾಲಯಗಳ 'ಸಂಯೋಜಿತ ಕಾಲೇಜು'. ಕಾಲೇಜಿನ ಆಡಳಿತ ಮಂಡಳಿ ಬೇರೆ, ಪಾಠಪಟ್ಟಿ ವಿಶ್ವವಿದ್ಯಾಲಯದ್ದು. ಸಂಯೋಜನೆಯನ್ನು ಕಾಲಕಾಲಕ್ಕೆ ನವೀಕರಿಸಬೇಕು, ಇಂದು ಒಂದು ವಿಶ್ವವಿದ್ಯಾಲಯದ್ದು ನಾಳೆ ಇನ್ನೊಂದಕ್ಕೆ ಹೋಗಬಹುದು. 2021ರ ಪುನರ್ರಚನೆಯಲ್ಲಿ ಕೆಳಗಿನ ತಂಡಗಳ ಸಂಖ್ಯೆ 160ರಿಂದ 120ಕ್ಕೆ ಇಳಿದಾಗ, ಉಳಿದವುಗಳಿಗೆ ಪರವಾನಗಿಯ ಜೊತೆಗೆ ಮಾನದಂಡಗಳನ್ನೂ ವಿಧಿಸಿದರು. ಪ್ರಯೋಗಾಲಯ, ಗ್ರಂಥಾಲಯ ನೆಟ್ಟಗಿವೆಯೇ ಎಂದು ವಿಶ್ವವಿದ್ಯಾಲಯದ ಸಮಿತಿ ಬಂದು ನೋಡುವಂತೆ, ಅಲ್ಲಿ ದೀಪಗಳ ಬೆಳಕು ಸಾಕೇ, ಆಟಗಾರರು ಬಟ್ಟೆ ಬದಲಿಸುವ ಕೋಣೆ ದೊಡ್ಡದಿದೆಯೇ ಎಂದು ನೋಡುತ್ತಾರೆ. 1985ರಲ್ಲಿ ಕಟ್ಟಿದ ರಿಚ್ಮಂಡಿನ ಅಂಗಣ ಇದಕ್ಕೆ ಸಾಲದೆ ಆ ಊರಿನವರು ಹೊಸದನ್ನೇ ಕಟ್ಟಬೇಕಾಯಿತು. ಆದ್ದರಿಂದ 'ಸಂಯೋಜಿತ ತಂಡ'. ಅರಿಜೋನದ ತರಬೇತಿ ತಂಡ ಮಾತ್ರ ಪೂರ್ತಿಯಾಗಿ ಜಯಂಟ್ಸ್‌ನದೇ ಆದ ಕಾರಣ ಅದನ್ನು, ವಿಶ್ವವಿದ್ಯಾಲಯವೇ ನಡೆಸುವ 'ಘಟಕ ಕಾಲೇಜಿ'ನ ಹಾಗೆ, 'ಘಟಕ ತಂಡ' ಎನ್ನಬಹುದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಹಾಕಿ ಮುಂದೆ ಹೋಗುತ್ತಾರೆ. ಇಲ್ಲಿ ಕನ್ನಡವೇ ಹೆಚ್ಚು ನಿಖರ.

ಮೇಲಿನ ತಂಡಕ್ಕೆ 'ಪೋಷಕ ತಂಡ' ಎಂದು ಮಿತ್ರರೊಬ್ಬರು ಸೂಚಿಸಿದರು. ಪೋಷಕ ನಟ ಎಂಬಲ್ಲಿ ಪೋಷಕ ಎಂದರೆ ನಾಯಕನ ಪಕ್ಕದಲ್ಲಿ ನಿಲ್ಲುವವನು. ಆ ನೆನಪಿನಿಂದ ಓದಿದರೆ ಸ್ಯಾನ್ ಫ್ರಾನ್ಸಿಸ್ಕೊ ತಂಡವೇ ಸ್ಯಾನ್ ಹೋಸೆಗೆ ಬೆಂಬಲವಾಗಿ ನಿಂತಂತೆ ಆಗುತ್ತದೆ. ಮಾತೃ ಇಲಾಖೆ ಎಂಬ ರೂಢಿಯ ಬಲದಿಂದ 'ಮಾತೃ ತಂಡ' ಎನ್ನುವುದೇ ಮೇಲು.

ಈಗ 'ಆಪ್ಷನ್'ಗೆ ಬರುತ್ತೇನೆ. ಮಾತೃ ತಂಡದ ಬಳಿ 40 ಜನರ ಒಂದು ದೊಡ್ಡ ಪಟ್ಟಿ ಇರುತ್ತದೆ. ದಿನದ ಆಟಕ್ಕೆ ಸಿದ್ಧವಿರುವ 26 ಮಂದಿ ಅದರೊಳಗಿನವರು. ಉಳಿದವರು ಗಾಯಗೊಂಡವರ ಪಟ್ಟಿಯಲ್ಲಿರುತ್ತಾರೆ, ಇಲ್ಲವೇ ಸಂಯೋಜಿತ ತಂಡಗಳಲ್ಲಿ ಆಡುತ್ತಿರುತ್ತಾರೆ. ಹೀಗೆ ಕೆಳಗೆ ಕಳುಹಿಸಿದರೂ 40ರ ಪಟ್ಟಿಯಲ್ಲಿ ಆಟಗಾರನ ಹೆಸರು ಹಾಗೆಯೇ ಇರುತ್ತದೆ, ಮುಂದೆ ವಾಪಸು ಕರೆಸಿಕೊಳ್ಳಬಹುದು. ಸಾಮಾನ್ಯವಾಗಿ ಒಬ್ಬನನ್ನು ಮೂರು ಋತುಗಳಲ್ಲಿ ಹೀಗೆ ಕಳುಹಿಸಲು ಅವಕಾಶವಿದೆ. 2022ರಿಂದ ಈಚೆಗೆ ಒಂದೇ ಋತುವಿನಲ್ಲಿ ಐದಕ್ಕಿಂತ ಹೆಚ್ಚು ಸಲ ಕೆಳಗೆ ಕಳುಹಿಸುವಂತಿಲ್ಲ.

ಇದನ್ನು ನಾನು 'ಹಿಂಬಡ್ತಿ' ಎಂದೆ. ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿ ನಿವೃತ್ತರಾದ ಅಪ್ಪ ಒಪ್ಪಲಿಲ್ಲ. ಹಿಂಬಡ್ತಿ ಎಂದರೆ ಶಿಕ್ಷೆ, ಅದಕ್ಕೆ ಮೊದಲು ಇಲಾಖಾ ವಿಚಾರಣೆ ನಡೆದಿರಬೇಕು, ಈ ಹುಡುಗ ಏನು ತಪ್ಪು ಮಾಡಿದ್ದಾನೆ ಎಂದು ಕೇಳಿದರು. ನಿಜಕ್ಕೂ ಆ ಪಿಚರ್ ಏನೂ ತಪ್ಪು ಮಾಡಿರಲಿಲ್ಲ. ಹಿಂದಿನ ರಾತ್ರಿ ಹೆಚ್ಚು ಎಸೆದು ದಣಿದಿದ್ದ, ತಂಡಕ್ಕೆ ದಣಿಯದ ತೋಳೊಂದು ಬೇಕಾಗಿತ್ತು. 'ಎರವಲು ಸೇವೆ' ಆಗಬಹುದೇ ಎಂದೆ. ಅದೂ ಅಲ್ಲ, ಎರವಲು ಸೇವೆಯಲ್ಲಿ ಸಂಬಳ ಎರವಲು ಪಡೆದವರ ಲೆಕ್ಕ ಎಂದರು. ಕೊನೆಗೆ ಅವರೇ ಕೊಟ್ಟ ಪದ 'ನಿಯೋಜನೆ'. ಮೇಷ್ಟರ ಹೆಸರು ಮೂಲ ಶಾಲೆಯ ಹಾಜರಿಯಲ್ಲಿ, ಸಂಬಳ ಮೂಲ ಶಾಲೆಯ ಬಿಲ್ಲಿನಲ್ಲಿ, ಪಾಠ ಮಾತ್ರ ಇನ್ನೊಂದು ಊರಿನ ಶಾಲೆಯಲ್ಲಿ. ಸಾಹೇಬರು ಬೇಕೆಂದಾಗ ನಿಯೋಜನೆ ರದ್ದು. ಆಪ್ಷನ್ ಎಂಬುದರ ಒಳಗಿರುವ ಎಲ್ಲವೂ, ಒಡೆತನ, ಸಂಬಳ, ತಾತ್ಕಾಲಿಕತೆ, ವಾಪಸು ಕರೆಸುವ ಹಕ್ಕು, ಈ ಒಂದು ಪದದಲ್ಲಿ ಅಡಗಿವೆ. 'ಸ್ಯಾಕ್ರಮೆಂಟೊಗೆ ನಿಯೋಜಿಸಲಾಗಿದೆ' ಎಂದು ಬರೆದಿದ್ದರೆ ಅಂದು ಬೆಳಿಗ್ಗೆ ಅಭಿನಂದನೆಯ ಪ್ರಸಂಗ ಬರುತ್ತಿರಲಿಲ್ಲ.

ಗಾಯದಿಂದ ಚೇತರಿಸಿಕೊಳ್ಳುತ್ತಿರುವ ದೊಡ್ಡ ಆಟಗಾರರು ಅಭ್ಯಾಸಕ್ಕೆಂದು ಕೆಲವು ದಿನ ಕೆಳಗಿನ ತಂಡದಲ್ಲಿ ಆಡುವುದಕ್ಕೂ ಇದೇ ಜಾಡಿನಲ್ಲಿ 'ಚೇತರಿಕೆ ನಿಯೋಜನೆ' ಎನ್ನಬಹುದು. ಪಿಚರುಗಳಿಗೆ 30 ದಿನ, ಉಳಿದವರಿಗೆ 20 ದಿನ ಅದರ ಮಿತಿ. ಹಾಗೆ ಬಂದ ದೊಡ್ಡವರು ಕಿರಿಯ ತಂಡಕ್ಕೆಲ್ಲ ತಮ್ಮ ಖರ್ಚಿನಲ್ಲಿ ಒಳ್ಳೆಯ ಊಟ ಹಾಕಿಸುವ ಪದ್ಧತಿಯಿದೆ. ನಮ್ಮ ಕಡೆ ನಿಯೋಜನೆಯ ಮೇಲೆ ಬಂದವರು ಊಟ ಹಾಕಿಸಿದ್ದನ್ನು ತಾವು ಕಂಡಿಲ್ಲವೆಂದು ಅಪ್ಪ ಹೇಳಿದರು.

ಕಡತದ ಕನ್ನಡದಿಂದಲೇ ಇನ್ನೊಂದು ಪದವೂ ಒದಗಿತು. 'ಡೆಸಿಗ್ನೇಟೆಡ್ ಫಾರ್ ಅಸೈನ್‌ಮೆಂಟ್' ಎಂಬ ಕ್ರಮವನ್ನು ಪದಕ್ಕೆ ಪದ ತಂದರೆ 'ಕಾರ್ಯಕ್ಕೆ ನೇಮಕ' ಎಂದಾಗಿ, ಮತ್ತೆ ಸಿಹಿ ಹಂಚುವ ಸುದ್ದಿಯಾಗುತ್ತದೆ. ನಡೆಯುವುದಾದರೋ, ಆಟಗಾರನ ಹೆಸರನ್ನು 40ರ ಪಟ್ಟಿಯಿಂದಲೇ ತೆಗೆಯುತ್ತಾರೆ. ಏಳು ದಿನದೊಳಗೆ ಅವನನ್ನು ಬೇರೆ ತಂಡಕ್ಕೆ ಕೊಡಬೇಕು, ಅಥವಾ ಬೇರೆಯವರಿಗೆ ಬೇಡವಾದರೆ ಕೆಳಗೆ ಕಳುಹಿಸಬೇಕು, ಇಲ್ಲವೇ ಬಿಟ್ಟುಬಿಡಬೇಕು. ಆ ಏಳು ದಿನ ಅವನು ಎಲ್ಲಿಯವನೂ ಅಲ್ಲ. ನಮ್ಮ ಪತ್ರಿಕೆಗಳಲ್ಲಿ ಅಧಿಕಾರಿಗಳ ಬಗ್ಗೆ ಆಗಾಗ ಓದುವ 'ಸ್ಥಳ ತೋರಿಸದೆ ವರ್ಗಾವಣೆ' ಇದೇ ಅಲ್ಲವೇ?

ಈ ಪದಗಳು ಬರಿಯ ಚಪಲಕ್ಕಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು; 2009ರಲ್ಲಿ ಫ್ಲಾರಿಡಾದ ಹೊಸಬರ ಲೀಗಿನಲ್ಲಿ ಆಡಿದರು. 'ಪೈರೇಟ್ಸ್ ತಂಡದಲ್ಲಿ ಆಡಿದರು' ಎಂದರೆ ಸುಳ್ಳು, ಮೇಜರ್ ಲೀಗಿನ ಅಂಗಣಕ್ಕೆ ಅವರಿಬ್ಬರೂ ಇಳಿಯಲಿಲ್ಲ. 'ಪೈರೇಟ್ಸ್ ತಂಡಕ್ಕೆ ಸೇರಿರಲಿಲ್ಲ' ಎಂದರೂ ಸುಳ್ಳು, ಸಂಬಳ ಕೊಟ್ಟವರು ಪೈರೇಟ್ಸ್. 'ಪೈರೇಟ್ಸ್‌ನ ಘಟಕ ತಂಡದಲ್ಲಿ ಆಡಿದರು' ಎಂದರೆ ಸರಿಯಾಗುತ್ತದೆ.

ಇಷ್ಟು ದೊರೆತ ಮೇಲೂ ಎರಡು ಕಡೆ ನಾನು ಸಿಕ್ಕಿಬಿದ್ದಿದ್ದೇನೆ. ಮೊದಲನೆಯದು 'ಕಾಲ್ ಅಪ್', ಅಂದರೆ ಮಾತೃ ತಂಡ ಆಟಗಾರನನ್ನು ಕರೆಸಿಕೊಳ್ಳುವುದು. ಜಯಂಟ್ಸ್‌ನ ಹೆಸರಾಂತ ಕ್ಯಾಚರ್ ಬಸ್ಟರ್ ಪೋಸಿ 2009ರಲ್ಲಿ ಸ್ಯಾನ್ ಹೋಸೆಯಲ್ಲಿ ಆಡಿ, ಫ್ರೆಸ್ನೊ ಮುಟ್ಟಿ, 2010ರ ಮೇ ಕೊನೆಯಲ್ಲಿ ಮೇಲೆ ಬಂದು ನೆಲೆಯೂರಿದ್ದೂ, ಅದೇ ವರ್ಷ ಜಯಂಟ್ಸ್ ಮೇಜರ್ ಲೀಗಿನ ಅಂತಿಮ ಹಣಾಹಣಿಯಾದ ವಿಶ್ವ ಸರಣಿ ಗೆದ್ದದ್ದೂ ಇಲ್ಲಿನವರ ಬಾಯಲ್ಲಿ ಕಥೆಯಾಗಿದೆ. ಆದರೆ 'ಪೋಸಿಗೆ ಮೇಲಿನಿಂದ ಕರೆ ಬಂತು' ಎಂದು ಕನ್ನಡದಲ್ಲಿ ಬರೆದರೆ ಓದುಗರು ತಿಥಿಯ ದಿನ ಕೇಳಿಯಾರು. 'ಬಡ್ತಿ' ಕಾಯಮ್ಮಿನ ಮಾತಾಯಿತು. ಈ ಕರೆ ಒಂದು ದಿನದ್ದೂ ಆಗಿರಬಹುದು: ಜಯಂಟ್ಸ್ ನ್ಯೂಯಾರ್ಕಿನಲ್ಲಿದ್ದ ಕಾಲದಲ್ಲಿ, 1905ರಲ್ಲಿ, ಮೂನ್‌ಲೈಟ್ ಗ್ರಹಾಂ ಎಂಬ ಆಟಗಾರ ಒಂದೇ ಒಂದು ಪಂದ್ಯದಲ್ಲಿ ಅಂಗಣಕ್ಕಿಳಿದು, ಬ್ಯಾಟು ಬೀಸುವ ಸರದಿಯೂ ಬರದೆ ಮರಳಿ, ಮುಂದೆ ವೈದ್ಯನಾದ. ಇಂಥ ಅಲ್ಪಾವಧಿಯನ್ನು ಇಲ್ಲಿನವರು 'ಒಂದು ಕಪ್ ಕಾಫಿ' ಎಂದು ಅಕ್ಕರೆಯಿಂದ ಕರೆಯುತ್ತಾರೆ. ನಮ್ಮ 'ಹೋದ ಪುಟ್ಟ ಬಂದ ಪುಟ್ಟ'ದಲ್ಲಿ ಆ ಅಕ್ಕರೆಯಿಲ್ಲ, ಗೇಲಿಯಿದೆ.

ಎರಡನೆಯದು 'ಫಾರ್ಮ್ ಸಿಸ್ಟಮ್'. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ನಡೆಸುತ್ತಿದ್ದ ಬ್ರ್ಯಾಂಚ್ ರಿಕಿ ಕೆಳಗಿನ ತಂಡಗಳನ್ನು ಕೊಂಡು ತಾನೇ ಆಟಗಾರರನ್ನು ಬೆಳೆಸುವ ಈ ಕ್ರಮವನ್ನು ಕಟ್ಟಿದ. 'ಸಸಿಮಡಿ' ಎಂಬ ಪದ ನನಗೆ ಬಹಳ ಹಿಡಿಸಿತು: ಮಡಿಯಲ್ಲಿ ಬೆಳೆಸಿ ಗದ್ದೆಗೆ ನಾಟಿ ಮಾಡುವುದು. ತೊಂದರೆಯೆಂದರೆ, ನಾಟಿಯಾದ ಪೈರನ್ನು ಯಾರೂ ಕಿತ್ತು ಮತ್ತೆ ಮಡಿಗೆ ಹಾಕುವುದಿಲ್ಲ, ಇಲ್ಲಿ ಅದು ವಾರವಾರದ ಕೆಲಸ. ನಮ್ಮ ಊರ ಕಡೆ ಕರುವನ್ನು ಇನ್ನೊಬ್ಬರ ಕೊಟ್ಟಿಗೆಯಲ್ಲಿ ಸಾಕಲು ಬಿಟ್ಟು, ಒಡೆತನ ಬಿಡದೆ, ಕರಾವಿಗೆ ಬಂದಾಗ ಮನೆಗೆ ಹೊಡೆದುಕೊಂಡು ಬರುತ್ತಿದ್ದರು. ಅದು ಇದಕ್ಕೆ ಹತ್ತಿರವಾದ ಏರ್ಪಾಡು. ಆ ರೂಢಿಗೆ ನಿಮ್ಮ ನಿಮ್ಮ ಸೀಮೆಯಲ್ಲಿ, ಮುಖ್ಯವಾಗಿ ಕುರಿ ದನ ಸಾಕುವವರ ಮಾತಿನಲ್ಲಿ, ಬೇರೆಯೇ ಹೆಸರಿದ್ದರೆ ದಯವಿಟ್ಟು ತಿಳಿಸಿ. ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಉಪಕಾರವಾಗುತ್ತದೆ. ಅಪ್ಪ ತಿಪಟೂರಿಗೆ ಮರಳಿದ್ದಾರೆ. ಪ್ರತಿ ಭಾನುವಾರ ಫೋನಿನಲ್ಲಿ, ನಿಯೋಜನೆ ರದ್ದಾಯಿತೇ ಎಂದು ಆ ಪಿಚರನ್ನು ವಿಚಾರಿಸುತ್ತಾರೆ.